ಡಾಕ್ಟರಮ್ಮನ ಕಾರಿನ ಪಟ್ಟೆ

“ಬುದ್ಧೀ, ಡಂಬ ಎಲ್ಲಾ ಕಿತ್ತಾಕಿದ ಮೇಲೂ ಅದರ ಕಲೆ ಉಳ್ಕೊಂಡ್ರೆ, ಆ ಕಲೆನ ಯಾವುದರಲ್ಲಿ ಉಜ್ಜಬೇಕು?”

ಹೀಗೆ ಕೇಳಿದವನು ಗುರುಮಲ್ಲು. ಮೂರು ವರ್ಷದ ಹಿಂದೆ ಮಠಕ್ಕೆ ಬಂದು ಶಿಷ್ಯನಾದವನು. ಅದಕ್ಕೆ ಮೊದಲು ಊರೂರಿನ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಿದ್ದ. ಮಿಂಚುವ ಕೋಟು, ಬೆಳ್ಳಿ ಬಣ್ಣದ ಬೂಟು, ಹೆಸರಿನ ಹಿಂದೆ ಒಂದು ಬಿರುದು, ಎಲ್ಲವೂ ಇದ್ದವು. ಮಠಕ್ಕೆ ಬರುವಾಗ ಅವನ್ನೆಲ್ಲ ಬಿಟ್ಟು ಬಂದಿದ್ದ. ಈಗ ದಿನವೂ ಬೆಳಗಿನ ಪ್ರಾರ್ಥನೆಯಲ್ಲಿ ಅರ್ಧ ಗಂಟೆ ಹಾಡುವುದು ಅವನ ಪಾಲಿನ ಕೆಲಸ.

ಹಾಡು ಮುಗಿದ ಮೇಲೆ ಮಾತ್ರ ಅವನು ಬೇರೆಯೇ ಮನುಷ್ಯ. ಇಡೀ ದಿನ ಹುಬ್ಬು ಗಂಟಿಕ್ಕಿಕೊಂಡು ಓಡಾಡುವನು. ಕಸ ಗುಡಿಸಿದರೂ ಗಂಟು, ಎಲೆ ಹಾಕಿದರೂ ಗಂಟು. ಭಕ್ತರು ಮಾತಾಡಿಸಿದರೆ ಹೂಂ, ಉಹೂಂ, ಎರಡೇ ಉತ್ತರ. ಅವನು ಅದನ್ನು ವೈರಾಗ್ಯ ಎಂದು ತಿಳಿದಿದ್ದ. ಅಡುಗೆಮನೆಯವರು ಮಾತ್ರ, ಇವನು ಇಣುಕಿದರೆ ಕಾಯಿಸಿದ ಹಾಲೂ ಒಡೆಯುತ್ತದೆ ಎಂದು ಆಡಿಕೊಳ್ಳುತ್ತಿದ್ದರು.

ಅವನ ಪ್ರಶ್ನೆ ಕೇಳಿಸಿಕೊಂಡವರು ಮಠದ ಹಿರಿಯ ಸ್ವಾಮಿಗಳು. ಎಲ್ಲರೂ ಅವರನ್ನು ದೊಡ್ಡ ಬುದ್ಧಿಯವರು ಎನ್ನುತ್ತಿದ್ದರು. ಅವರು ದಾಸೋಹದ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು, ಮಧ್ಯಾಹ್ನದ ಸಾರಿಗೆಂದು ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿದ್ದರು.

“ಯಾವ ಕಲೆಯಪ್ಪ?” ಎಂದರು.

“ಹಾಡೋವಾಗ ಖುಷಿ ಆಯ್ತದೆ ಬುದ್ಧೀ. ಕೋಟು ಬಿಟ್ಟೆ, ಬಿರುದು ಬಿಟ್ಟೆ, ಈ ಖುಷಿ ಮಾತ್ರ ಬಿಡ್ತಾ ಇಲ್ಲ. ಬೆಳಿಗ್ಗೆ ಬಾಯಿ ತೆಗೆದ್ರೆ ಸಾಕು, ಎದೆ ತುಂಬ್ಕೊಂಡು ಬರ್ತದೆ. ಜನ ಬೇರೆ ಬಂದು ಕೂತ್ಕೋತಾರೆ. ಇದು ಹಳೇ ಚಟದ ಕಲೆ. ಉಪವಾಸ ಮಾಡ್ದೆ, ತಣ್ಣೀರು ಸುರ್ಕೊಂಡೆ, ಹೋಗ್ನಿಲ್ಲ. ಅದಕ್ಕೇ ನಾಳೆಯಿಂದ ಹಾಡೋದನ್ನೇ ಬಿಟ್ಬುಡ್ತೀನಿ. ಮೌನವ್ರತಕ್ಕೆ ಅಪ್ಪಣೆ ಆಗಬೇಕು.”

ಅವನ ಕಣ್ಣು ತುಂಬಿತ್ತು. ಹಾಡು ಬಿಡುವುದೆಂದರೆ ಅವನಿಗೆ ಏನೆಂಬುದು ದೊಡ್ಡ ಬುದ್ಧಿಯವರಿಗೆ ಗೊತ್ತಿತ್ತು. ಅವರು ಒಂದು ಬಟ್ಟಲನ್ನು ಅವನ ಕಡೆಗೆ ತಳ್ಳಿದರು.

“ಅಪ್ಪಣೆ ಆಮೇಲೆ ಕೊಡಾಣ. ಮೊದಲು ಕಾಳು ಹಿತುಕು. ಒಂದು ಕತೆ ಹೇಳ್ತೀನಿ.”

ಗುರುಮಲ್ಲು ಒಂದು ಕಾಳನ್ನು ಸಿಟ್ಟಿನಿಂದಲೇ ಹಿತುಕಿದ. ಅದು ಸಿಪ್ಪೆಯಿಂದ ಹಾರಿ ದೊಡ್ಡ ಬುದ್ಧಿಯವರ ಹಣೆಗೆ ಬಡಿಯಿತು. ಅವರು ಅದನ್ನು ಹುಡುಕಿ ತೆಗೆದು ಬಟ್ಟಲಿಗೆ ಹಾಕಿ ಕತೆ ಶುರು ಮಾಡಿದರು. ಕತೆ ಹೇಳುವಾಗ ಮಾತ್ರ ಅವರ ಮಾತು ಗ್ರಂಥದ ಭಾಷೆಗೆ ತಿರುಗುತ್ತಿತ್ತು. ಅದು ಅವರ ಗುರುಗಳಿಂದ ಬಂದ ಅಭ್ಯಾಸ.

*

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಊರಿನ ಹೆಸರನ್ನಾಗಲಿ ಅವನ ಹೆಸರನ್ನಾಗಲಿ ಹೇಳುವುದಿಲ್ಲ. ಹೇಳಿದರೆ ನೀನು ನಾಳೆ ಬೆಳಿಗ್ಗೆಯೇ ಬಸ್ಸು ಹತ್ತಿ ಅವನ ಕಾರು ನೋಡಲು ಹೊರಡುತ್ತೀ. ಪ್ರಾರ್ಥನೆ ತಪ್ಪಿಸಿಕೊಳ್ಳಲು ನಿನಗೆ ಅದೊಂದು ನೆಪ ಸಿಕ್ಕಂತಾಗುತ್ತದೆ.

ಆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಆಕೆಯ ಕಾರನ್ನು ಈ ಚಾಲಕ ಇಪ್ಪತ್ತು ವರ್ಷ ಓಡಿಸಿದ. ಕಾರಿನ ಬಣ್ಣ ದಾಸವಾಳದ ಕೆಂಪು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಇನ್ನೊಂದು ಕಾರಿರಲಿಲ್ಲ. ಕೆಂಪು ಕಾರು ಕಂಡಿತೆಂದರೆ ಡಾಕ್ಟರಮ್ಮ ಬಂದರೆಂದೇ ಅರ್ಥ. ಯಾರು ಕೈ ಅಡ್ಡ ಹಿಡಿದರೂ ಕಾರು ನಿಲ್ಲಬೇಕೆಂದು ಆಕೆಯ ಕಟ್ಟಪ್ಪಣೆಯಿತ್ತು. ಎಷ್ಟೋ ಹೆಂಗಸರು ಆ ಕಾರಿನಲ್ಲಿ ಒಬ್ಬರಾಗಿ ಹೋಗಿ ಇಬ್ಬರಾಗಿ ಮನೆಗೆ ಬಂದಿದ್ದರು.

ವಯಸ್ಸಾದ ಮೇಲೆ ಡಾಕ್ಟರಮ್ಮ ತಂಗಿಯ ಊರಿಗೆ ಹೊರಟರು. ಹೊರಡುವ ದಿನ ಕಾರಿನ ಬೀಗದ ಕೈಯನ್ನು ಚಾಲಕನ ಕೈಯಲ್ಲಿಟ್ಟು ಹೇಳಿದರು:

“ಇನ್ಮೇಲೆ ಇದು ನಿಂದೇ ಕಣಪ್ಪ. ಎಲ್ಲಿಗಾದ್ರೂ ಓಡಿಸ್ಕೋ. ಬಣ್ಣ ಮಾತ್ರ ಕೆಡಿಸಬೇಡ.”

“ಇಲ್ಲ ಅಮ್ಮಾವ್ರೇ,” ಎಂದು ಚಾಲಕ ಕಾರನ್ನು ಮುಟ್ಟಿ ಮಾತು ಕೊಟ್ಟ.

ಅವನು ಅದನ್ನು ಮದುವೆಗಳಿಗೆ ಬಾಡಿಗೆಗೆ ಬಿಡತೊಡಗಿದ. ಆದರೆ ಜನಕ್ಕೆ ಹಳೆಯ ರೂಢಿ ಹೋಗಲಿಲ್ಲ. ಹೂವಿನ ಅಲಂಕಾರ ಮಾಡಿ ಮದುಮಗನನ್ನು ಕೂರಿಸಿಕೊಂಡು ಹೊರಟರೂ ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿಯುವರು. ಒಮ್ಮೆ ಒಬ್ಬ ಅಜ್ಜಿ, ಹೆರಿಗೆ ನೋವು ಬಂದಿದ್ದ ಸೊಸೆಯನ್ನು ಕರೆತಂದು, ಒಂದು ಮಾತೂ ಕೇಳದೆ ಬಾಗಿಲು ತೆಗೆದು ಮದುಮಗನ ಪಕ್ಕದಲ್ಲೇ ಕೂರಿಸಿಬಿಟ್ಟಳು. ಮದುಮಗ ಬಾಸಿಂಗ ಕಟ್ಟಿಕೊಂಡು, ಬಾಣಂತಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ಆಸ್ಪತ್ರೆಗೆ ಹೋಗಿ ಆಮೇಲೆ ಛತ್ರಕ್ಕೆ ಹೋದ. ಮುಹೂರ್ತ ಮೀರುವುದರಲ್ಲಿತ್ತು. ಹೆಣ್ಣಿನ ಕಡೆಯವರು ಚಾಲಕನ ಜನ್ಮ ಜಾಲಾಡಿದರು.

ಹೀಗಾದರೆ ಆಗುವುದಿಲ್ಲ ಎಂದುಕೊಂಡು ಚಾಲಕ ಸ್ಟಿಕರ್ ಅಂಗಡಿಗೆ ಹೋದ. ಕಾರಿನ ಎರಡೂ ಪಕ್ಕಕ್ಕೆ, ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ, ಒಂದು ಗೇಣು ಅಗಲದ ಚಿನ್ನದ ಬಣ್ಣದ ಪಟ್ಟೆ ಅಂಟಿಸಿಕೊಂಡು ಬಂದ. ಮುಂಭಾಗದಲ್ಲಿ ಆ ಪಟ್ಟೆ ಬೆಂಕಿಯ ನಾಲಿಗೆಯ ಆಕಾರದಲ್ಲಿ ಮೂರಾಗಿ ಚಾಚಿಕೊಂಡಿತ್ತು. ಅಂಚಿಗೆ ನೀಲಿ ಗೆರೆ. ಅಂದಿನಿಂದ ಯಾರೂ ಅದನ್ನು ಡಾಕ್ಟರಮ್ಮನ ಕಾರೆಂದು ತಪ್ಪು ತಿಳಿಯಲಿಲ್ಲ, ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಚಾಲಕನಿಗೆ ಮೊದಲು ನೆಮ್ಮದಿಯಾಯಿತು, ಆಮೇಲೆ ಹೆಮ್ಮೆಯಾಯಿತು. ನೆಮ್ಮದಿ ಯಾವಾಗ ಹೆಮ್ಮೆಯಾಯಿತೆಂದು ಅವನಿಗೆ ತಿಳಿಯಲಿಲ್ಲ. ನಿನಗೆ ತಿಳಿದಿರಬಹುದು, ನೀನು ಮಿಂಚುವ ಕೋಟು ಹಾಕಿದವನು.

ಹನ್ನೊಂದು ವರ್ಷ ಕಳೆಯಿತು. ಕಾರು ದಿನವೂ ಬಸ್ ನಿಲ್ದಾಣದ ಎದುರಿನ ಬಯಲಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ನೆರಳಿರಲಿಲ್ಲ.

ಒಂದು ಬುಧವಾರ ಡಾಕ್ಟರಮ್ಮ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಹೊಸ ಹೆರಿಗೆ ವಾರ್ಡು ಕಟ್ಟಿದ್ದಾರಂತೆ, ಅದನ್ನು ತೆರೆಯಲು ಆಕೆಯನ್ನು ಕರೆದಿದ್ದಾರಂತೆ, ಭಾನುವಾರ ಬೆಳಿಗ್ಗೆ ರೈಲಿಗೆ ಬರುತ್ತಾರಂತೆ.

“ಆಸ್ಪತ್ರೆಯೋರು ಗಾಡಿ ಕಳಿಸ್ತೀವಿ ಅಂದ್ರು. ನಾನು ಬೇಡ ಅಂದೆ ಕಣಪ್ಪ. ನಮ್ಮ ಕೆಂಪು ಕಾರಲ್ಲೇ ಬರ್ತೀನಿ ಅಂದೆ. ಎಂಬತ್ತೆರಡಾಯ್ತು ನಂಗೆ, ಇನ್ನೊಂದು ಸಲ ಬರೋದು ಅನುಮಾನ. ಹಂಗೇ ಇಟ್ಟಿದೀಯ ತಾನೆ?”

“ಹಂಗೇ ಐತೆ ಅಮ್ಮಾವ್ರೇ,” ಎಂದುಬಿಟ್ಟ ಚಾಲಕ.

ಫೋನಿಟ್ಟು ಹೊರಗೆ ಬಂದು ಕಾರನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಪಟ್ಟೆ ಅವನ ಕಣ್ಣಿಗೆ ಚುಚ್ಚಿತು. ಆಕೆ ಕೇಳಿದ್ದು ಒಂದೇ ಮಾತು. ಅದನ್ನೂ ತಾನು ಉಳಿಸಿಕೊಳ್ಳಲಿಲ್ಲ. ನಾಲ್ಕು ದಿನದಲ್ಲಿ ಪಟ್ಟೆ ಹೋಗಬೇಕು, ಬಣ್ಣ ಉಳಿಯಬೇಕು. ಇಷ್ಟೇ ಅವನಿಗೆ ಬೇಕಾಗಿದ್ದದ್ದು.

ಅವನು ಒಂದು ಬ್ಲೇಡು ತಂದು ಪಟ್ಟೆಯ ತುದಿಯನ್ನು ಕೆರೆದ. ಪಟ್ಟೆಯ ಜೊತೆಗೆ ಅಕ್ಕಿಕಾಳಿನಷ್ಟು ಬಣ್ಣವೂ ಎದ್ದು ಬಂತು. ಕೆಳಗೆ ತಗಡು ಬೆಳ್ಳಗೆ ಕಂಡಿತು. ಚಾಲಕ ಬ್ಲೇಡನ್ನು ಕೆಳಗಿಟ್ಟ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಹೊಸಾ ಸ್ಟೀಲ್ ಲೋಟ ತಂದಾಗ ಅದರ ಮೇಲಿನ ಚೀಟಿನ ಬ್ಲೇಡಲ್ಲಿ ಕೆರೀತೀನಾ ನಾನು?” ಎಂದಳು.

“ಮತ್ತೇನ್ ಮಾಡ್ತೀಯಾ?”

“ಒಲೆ ಮೇಲೆ ಒಂಚೂರು ಬಿಸಿ ಮಾಡ್ತೀನಿ. ತಾನಾಗೇ ಬಿಡ್ತದೆ.”

“ಕಾರನ್ನ ಒಲೆ ಮೇಲೆ ಇಡಾಕಾಯ್ತದೇನೇ?”

“ಒಲೆನೇ ಕಾರಿನ ಹತ್ರಕ್ಕೆ ತರಾಕಾಗಲ್ವಾ?” ಎಂದು ಹೇಳಿ ಅವಳು ಒಳಗೆ ಹೋಗಿ ಹಂಡೆಗೆ ನೀರು ತುಂಬಿದಳು.

*

“ಬುದ್ಧೀ,” ಎಂದು ಗುರುಮಲ್ಲು ನಡುವೆ ಬಾಯಿ ಹಾಕಿದ. “ನಾನು ಕೇಳಿದ್ದು ಮನಸ್ಸಿನ ಕಲೆ. ನೀವು ಕಾರು ತೊಳೀತಾ ಇದೀರಿ.”

“ಕಾಳು ಹಿತುಕು,” ಎಂದರು ದೊಡ್ಡ ಬುದ್ಧಿಯವರು.

*

ಗುರುವಾರ ಬೆಳಿಗ್ಗೆ ಗಂಡ ಹೆಂಡಿರು ಕೆಲಸಕ್ಕೆ ಕೂತರು. ಅವಳು ದಪ್ಪ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಪಟ್ಟೆಯ ಮೇಲೆ ಒತ್ತಿ ಹಿಡಿಯುವಳು. ಕೈ ತಾಳುವಷ್ಟೇ ಬಿಸಿ, ಅದಕ್ಕಿಂತ ಹೆಚ್ಚಿಲ್ಲ. ಪಟ್ಟೆ ಮೆತ್ತಗಾದ ಮೇಲೆ ಅವನು ಉಗುರಿನಿಂದ ತುದಿ ಎಬ್ಬಿಸುವನು. ಮೇಲಕ್ಕೆ ಎಳೆದರೆ ಹರಿಯುತ್ತಿತ್ತು. ಜೋರಾಗಿ ಎಳೆದರೂ ಹರಿಯುತ್ತಿತ್ತು. ಪಟ್ಟೆಯನ್ನು ಅದರ ಮೈಮೇಲೆಯೇ ಹಿಂದಕ್ಕೆ ಮಡಿಸಿ, ಮಲಗಿದ ಕೂಸಿನ ಮೇಲಿನ ಹೊದಿಕೆ ಸರಿಸುವಂತೆ ನಿಧಾನವಾಗಿ ಎಳೆದರೆ ಮಾತ್ರ ಅಂಟಿನ ಸಮೇತ ಬರುತ್ತಿತ್ತು. ಮೊದಲ ಗೇಣಿಗೆ ಒಂದು ಗಂಟೆ ಹಿಡಿಯಿತು. ಆಮೇಲೆ ಕೈ ಪಳಗಿತು.

ಅಲ್ಲಲ್ಲಿ ಉಳಿದ ಅಂಟಿಗೆ ಅವಳು ಕೊಬ್ಬರಿ ಎಣ್ಣೆ ಹಚ್ಚಿ ಹಾಗೆಯೇ ಬಿಟ್ಟಳು. ಕಾಫಿ ಕುಡಿದು ಬರುವಷ್ಟರಲ್ಲಿ ಅಂಟು ಉಂಡೆಯುಂಡೆಯಾಗಿ ಬೆರಳಿಗೆ ಬಂತು. ಕೊನೆಗೆ ಸೋಪಿನ ನೀರಿನಲ್ಲಿ ಇಡೀ ಕಾರನ್ನು ತೊಳೆದರು. ನೆರೆಮನೆಯವರು ಬಂದು, ದೀಪಾವಳಿ ಇನ್ನೂ ದೂರ ಇದೆಯಲ್ಲ, ಕಾರಿಗೆ ಈಗಲೇ ಎಣ್ಣೆಸ್ನಾನ ಮಾಡಿಸುತ್ತಿದ್ದೀರಲ್ಲ ಎಂದು ರೇಗಿಸಿದರು. ಚಾಲಕ ನಕ್ಕ. ಮಾತು ಉಳಿಯಿತು ಎನಿಸಿ ಅವನ ಎದೆ ಹಗುರಾಗಿತ್ತು.

ಶುಕ್ರವಾರ ಮಧ್ಯಾಹ್ನ ಕಾರು ಒಣಗಿತು. ಚಾಲಕ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದ.

ಪಟ್ಟೆ ಹೋಗಿರಲಿಲ್ಲ.

ಚಿನ್ನದ ಬಣ್ಣ ಹೋಗಿತ್ತು, ನೀಲಿ ಗೆರೆ ಹೋಗಿತ್ತು. ಆದರೆ ಅದೇ ಜಾಗದಲ್ಲಿ, ಅದೇ ಅಗಲಕ್ಕೆ, ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದು ಕಡುಗೆಂಪು ಪಟ್ಟೆ ಇತ್ತು. ಬೆಂಕಿಯ ಮೂರು ನಾಲಿಗೆಗಳೂ ಇದ್ದವು. ಮಿಕ್ಕ ಕಾರು ಒಂದು ಬಣ್ಣ, ಪಟ್ಟೆ ಒಂದು ಬಣ್ಣ.

ಅಂಟು ಬಣ್ಣಕ್ಕೆ ಇಳಿದಿದೆ ಎಂದುಕೊಂಡ ಚಾಲಕ. ಇನ್ನಷ್ಟು ಎಣ್ಣೆ ಹಚ್ಚಿದ. ಪಟ್ಟೆ ಇನ್ನಷ್ಟು ಹೊಳೆಯಿತು. ಸೀಮೆಎಣ್ಣೆ ಹಾಕಿದ, ಹುಣಸೆಹಣ್ಣು ಹಾಕಿದ, ಪಾತ್ರೆ ತಿಕ್ಕುವ ಸೋಪು ಹಾಕಿದ. ಒಂದೊಂದಕ್ಕೂ ಕಲೆ ಇನ್ನಷ್ಟು ಎದ್ದು ಕಾಣತೊಡಗಿತು. ಉಪವಾಸ ಮಾಡಿದೆ, ತಣ್ಣೀರು ಸುರಿದುಕೊಂಡೆ ಎಂದೆಯಲ್ಲ, ಇವನದೂ ಅದೇ ಪಾಡು. ಹೆಂಡತಿ ಸಾಕೆಂದರೂ ಕೇಳಲಿಲ್ಲ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಪಟ್ಟೆಯನ್ನು ಅಳಿಸಿಯೇ ತೀರುತ್ತೇನೆ ಎಂದು ಕಾರು ಹತ್ತಿ ಪೇಟೆಗೆ ಹೋದ.

ಪೇಟೆಯ ಕೊನೆಯಲ್ಲಿ ಒಬ್ಬ ಪೇಂಟರ್ ಇದ್ದ. ಕಾರು, ಲಾರಿಗಳಿಗೆ ಬಣ್ಣ ಹೊಡೆಯುವವನು. ಚಾಲಕ ಅವನಿಂದ ಸ್ಯಾಂಡ್ ಪೇಪರ್ ಕೇಳಿದ.

“ಏನಕ್ಕೆ?” ಎಂದ ಪೇಂಟರ್.

“ಪಟ್ಟೆ ಕಿತ್ತೆ. ಅದರ ಕಲೆ ಹೋಗ್ತಾ ಇಲ್ಲ. ಭಾನುವಾರದೊಳಗೆ ಹೋಗ್ಲೇಬೇಕು.”

ಪೇಂಟರ್ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ.

“ಯಾವುದಪ್ಪ ಕಲೆ?”

ಚಾಲಕ ಕಡುಗೆಂಪು ಪಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದ. ಪೇಂಟರ್ ಕಾರಿನ ಬಾಗಿಲು ತೆಗೆದ. ಬಾಗಿಲು ಮುಚ್ಚಿದಾಗ ಒಳಗೆ ಮರೆಯಾಗುವ ಅಂಚಿರುತ್ತದಲ್ಲ, ಬಿಸಿಲಾಗಲಿ ಮಳೆಯಾಗಲಿ ತಾಗದ ಜಾಗ, ಅದನ್ನು ಬಟ್ಟೆಯಿಂದ ಒರೆಸಿದ.

“ಇದಕ್ಕೂ ನಿನ್ನ ಕಲೆಗೂ ಏನು ವ್ಯತ್ಯಾಸ, ನೋಡಿ ಹೇಳು,” ಎಂದ.

ಚಾಲಕ ಬಗ್ಗಿ ಅಂಚನ್ನು ನೋಡಿದ, ಎದ್ದು ಪಟ್ಟೆಯನ್ನು ನೋಡಿದ. ಮತ್ತೆ ಬಗ್ಗಿದ, ಮತ್ತೆ ಎದ್ದ. ಎರಡೂ ಒಂದೇ ಕೆಂಪು. ದಾಸವಾಳದ ಕೆಂಪು. ಡಾಕ್ಟರಮ್ಮ ಬೀಗದ ಕೈ ಕೊಟ್ಟ ದಿನದ ಕೆಂಪು.

ಆಮೇಲೆ ಅವನು ಮಿಕ್ಕ ಕಾರನ್ನು ನೋಡಿದ. ಅದು ಕೆಂಪಲ್ಲವೇ ಅಲ್ಲ. ಒಗೆದು ಒಗೆದು ಹಳತಾದ ರವಿಕೆಯ ಬಣ್ಣಕ್ಕೆ ಬಂದಿತ್ತು. ದಿನಕ್ಕಿಷ್ಟು, ದಿನಕ್ಕಿಷ್ಟು ಎಂದು ಹನ್ನೊಂದು ವರ್ಷ ಮಾಸಿತ್ತು. ದಿನವೂ ಒರೆಸುತ್ತಿದ್ದವನು ಅವನೇ ಆದ್ದರಿಂದ ಅವನಿಗೆ ಅದು ಕಂಡಿರಲಿಲ್ಲ. ಪಟ್ಟೆ ಅಂಟಿಸಿದ ಜಾಗಕ್ಕೆ ಮಾತ್ರ ಬಿಸಿಲು ತಾಗಿರಲಿಲ್ಲ. ಆ ಡಂಬದ ಪಟ್ಟೆಯೇ ಅಷ್ಟು ಬಣ್ಣವನ್ನು ಬಚ್ಚಿಟ್ಟು ಕಾಪಾಡಿತ್ತು.

“ಇಡೀ ಗಾಡೀಲಿ ಕಲೆ ಇಲ್ದೇ ಇರೋದು ಅದೊಂದೇ ಜಾಗ,” ಎಂದ ಪೇಂಟರ್. “ಅದನ್ನ ಉಜ್ಜಾಕೆ ನನ್ನ ಹತ್ರನೇ ಸ್ಯಾಂಡ್ ಪೇಪರ್ ಕೇಳ್ತೀಯಲ್ಲ.”

ಚಾಲಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇನ್ನು ಹತ್ತು ನಿಮಿಷ ಕಳೆದಿದ್ದರೆ, ಉಳಿದಿದ್ದ ಒಂದಿಷ್ಟು ನಿಜವಾದ ಬಣ್ಣವನ್ನೂ ತನ್ನ ಕೈಯಾರೆ ಕೆರೆದು ಹಾಕುತ್ತಿದ್ದ.

“ಮಿಕ್ಕದ್ದೆಲ್ಲಾ ಹೋಯ್ತಾ ಹಂಗಾದ್ರೆ?” ಎಂದು ಕೇಳಿದ.

ಪೇಂಟರ್ ಒಂದು ಡಬ್ಬಿ ತಂದ. ಉಗುರಿನಲ್ಲಿ ಎತ್ತುವಷ್ಟು ಪಾಲಿಶ್ ತೆಗೆದು ಒದ್ದೆ ಬಟ್ಟೆಗೆ ಹಚ್ಚಿ, ಬಾನೆಟ್ಟಿನ ಮೇಲೆ ಅಂಗೈಯಷ್ಟು ಜಾಗವನ್ನು ಸುತ್ತುಸುತ್ತಾಗಿ ಉಜ್ಜಿದ. ಬಟ್ಟೆ ಕೆಂಪಾಯಿತು. ಬಣ್ಣ ಕಿತ್ತು ಬರುತ್ತಿದೆ ಎಂದು ಚಾಲಕ ಗಾಬರಿಯಾಗಿ ಅವನ ಕೈ ಹಿಡಿದುಕೊಂಡ.

“ಹೆದರಬೇಡ. ಇದು ಬಿಸಿಲಿಗೆ ಸತ್ತ ಬಣ್ಣ. ಬದುಕಿರೋದು ಕೆಳಗೈತೆ,” ಎಂದು ಪೇಂಟರ್ ಒರೆಸಿ ತೋರಿಸಿದ.

ಅಂಗೈಯಷ್ಟು ದಾಸವಾಳದ ಕೆಂಪು ಅಲ್ಲಿತ್ತು. ಪಟ್ಟೆಯ ಬಣ್ಣವೇ, ಬಾಗಿಲ ಅಂಚಿನ ಬಣ್ಣವೇ. ಚಾಲಕನಿಗೆ ಆದ ಸಂತೋಷಕ್ಕೆ ಅವನು ಪೇಂಟರನನ್ನು ತಬ್ಬಿಕೊಂಡ. ಅವನ ಅಂಗಿಗೂ ಕೆಂಪು ಹತ್ತಿತು.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಬ್ಲೇಡಿಗೆ ಅಕ್ಕಿಕಾಳಿನಷ್ಟು ಬಣ್ಣ ಎದ್ದಿದ್ದ ಜಾಗಕ್ಕೆ ಪೇಂಟರ್ ಕಡ್ಡಿಯ ತುದಿಯಿಂದ ಒಂದು ತೊಟ್ಟು ಬಣ್ಣವಿಟ್ಟ. ಚಾಲಕ ಬಾನೆಟ್ಟು ಹಿಡಿದ, ಹೆಂಡತಿ ಬಾಗಿಲು ಹಿಡಿದಳು. ನಿಲ್ದಾಣದ ನಾಲ್ವರು ಚಾಲಕರು ನೋಡಲು ಬಂದವರು ತಾವೂ ಒಂದೊಂದು ಬಟ್ಟೆ ತೆಗೆದುಕೊಂಡರು. ಕೆಲಸದ ಅಳತೆ ಹೇಳಲು ಯಾರೂ ಬೇಕಾಗಿರಲಿಲ್ಲ. ಪಟ್ಟೆ ಕಣ್ಣೆದುರೇ ಇತ್ತು. ಅದರ ಬಣ್ಣ ಬರುವವರೆಗೆ ಉಜ್ಜುವುದು, ಬಂದ ಮೇಲೆ ಮುಂದಕ್ಕೆ ಹೋಗುವುದು. ಪಟ್ಟೆಯ ಮೇಲಿನಿಂದ ಒಬ್ಬ, ಕೆಳಗಿನಿಂದ ಒಬ್ಬ ಉಜ್ಜುತ್ತಾ ಬಂದ ಹಾಗೆ ಅದರ ಅಂಚು ಕರಗುತ್ತಾ ಹೋಯಿತು. ಒಬ್ಬ ಹಾಡತೊಡಗಿದ, ಮಿಕ್ಕವರು ಸೊಲ್ಲು ಕೂಡಿಸಿದರು. ಸಂಜೆಗೆ ಪಟ್ಟೆ ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ಯಾರೂ ಅದನ್ನು ಅಳಿಸಿರಲಿಲ್ಲ. ಇಡೀ ಕಾರು ಪಟ್ಟೆಯೇ ಆಗಿತ್ತು.

ಇಡೀ ಕಾರು ಎಂದರೆ ಸುಳ್ಳಾಗುತ್ತದೆ. ನೆತ್ತಿ ಉಳಿದಿತ್ತು. ಅಷ್ಟರಲ್ಲಿ ಎಲ್ಲರ ತೋಳೂ ಬಿದ್ದುಹೋಗಿದ್ದವು. ಡಾಕ್ಟರಮ್ಮ ಕುಳ್ಳಗಿದ್ದಾರೆ, ನೆತ್ತಿ ಅವರಿಗೆ ಕಾಣುವುದಿಲ್ಲ ಎಂದು ಚಾಲಕನ ಹೆಂಡತಿ ತೀರ್ಮಾನ ಕೊಟ್ಟಳು. ಎಲ್ಲರೂ ಅದನ್ನು ಸಂತೋಷದಿಂದ ಒಪ್ಪಿಕೊಂಡರು.

ಭಾನುವಾರ ಡಾಕ್ಟರಮ್ಮ ರೈಲಿಳಿದು ಕೋಲೂರಿಕೊಂಡು ಬಂದರು. ಕಾರಿನ ಹತ್ತಿರ ನಿಂತು ಅದರ ಪಕ್ಕೆಯ ಮೇಲೆ ಅಂಗೈಯಿಟ್ಟು ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಸವರಿಕೊಂಡು ಹೋದರು.

“ಹಂಗೇ ಇಟ್ಟಿದೀಯಲ್ಲೋ,” ಎಂದರು ಆಕೆ.

ಚಾಲಕನಿಂದ ಸುಳ್ಳು ಹೇಳಲಾಗಲಿಲ್ಲ. “ಹಂಗೇ ಇರ್ನಿಲ್ಲ ಅಮ್ಮಾವ್ರೇ,” ಎಂದು ಪಟ್ಟೆಯಿಂದ ಹಿಡಿದು ನೆತ್ತಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಡಾಕ್ಟರಮ್ಮ ಎಷ್ಟು ನಕ್ಕರೆಂದರೆ ಕೋಲು ಕೆಳಗೆ ಬಿತ್ತು. ನೆತ್ತಿ ನೋಡಬೇಕೆಂದು ಹಟ ಹಿಡಿದು, ಪ್ಲಾಟ್‌ಫಾರಂ ಮೆಟ್ಟಿಲ ಮೇಲೆ ಹತ್ತಿ ನಿಂತು ನೋಡಿ, ಮತ್ತೊಮ್ಮೆ ನಕ್ಕರು.

ಕಾರು ಆಸ್ಪತ್ರೆಯ ಕಡೆಗೆ ಹೊರಟಿತು. ದಾರಿಬದಿಯ ಜನ ತಿರುಗಿ ತಿರುಗಿ ನೋಡಿದರು. ಕೆರೆಯ ತಿರುವಿನಲ್ಲಿ ಒಬ್ಬ ಅಜ್ಜಿ ಬಸ್ಸಿಗೆ ಕಾದಿದ್ದಳು, ಪಕ್ಕದಲ್ಲಿ ತುಂಬು ಬಸುರಿ. ಕೆಂಪು ಕಾರು ಕಂಡದ್ದೇ ಅಜ್ಜಿ ಕೈ ಅಡ್ಡ ಹಿಡಿದಳು. ಚಾಲಕ ನಿಲ್ಲಿಸಿದ. ಅಜ್ಜಿ ಒಂದು ಮಾತೂ ಕೇಳದೆ ಬಾಗಿಲು ತೆಗೆದು ಬಸುರಿಯನ್ನು ಒಳಗೆ ಕೂರಿಸಿದಳು.

“ಒಸಿ ಜರುಗಿ ಡಾಕ್ಟ್ರಮ್ಮಾ. ಮೊಮ್ಮಗಳಿಗೆ ತಿಂಗಳಿನ ಪರೀಕ್ಷೆ,” ಎಂದು ತಾನೂ ಹತ್ತಿ ಕೂತಳು.

ಇಷ್ಟು ವರ್ಷ ಡಾಕ್ಟರಮ್ಮ ಊರಲ್ಲಿರಲಿಲ್ಲ ಎಂಬುದು ಆ ಅಜ್ಜಿಯ ಗಮನಕ್ಕೇ ಬಂದಂತಿರಲಿಲ್ಲ. ಕೆಂಪು ಕಾರು ಬಂದಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು. ಡಾಕ್ಟರಮ್ಮ ಜರುಗಿ ಜಾಗ ಮಾಡಿಕೊಟ್ಟರು. ಚಾಲಕ ಕನ್ನಡಿಯಲ್ಲಿ ಮೂವರನ್ನೂ ನೋಡಿದ. ಅವನಿಗೆ ಅಂದು ಆದಷ್ಟು ಸಂತೋಷ ಪಟ್ಟೆಯ ಕಾಲದ ಯಾವ ಮದುವೆಯಲ್ಲೂ ಆಗಿರಲಿಲ್ಲ.

*

ಕತೆ ನಿಂತಿತು. ಬಟ್ಟಲು ಅರ್ಧ ತುಂಬಿತ್ತು. ಗುರುಮಲ್ಲುವಿನ ಬೆರಳುಗಳ ನಡುವೆ ಒಂದು ಕಾಳು ಹಿತುಕದೆ ಹಾಗೆಯೇ ಉಳಿದಿತ್ತು.

“ಕೋಟು ಹಾಕಾಕೆ ಮುಂಚೆ ಹಾಡ್ತಿದ್ದೆಯಾ ನೀನು?” ಎಂದು ದೊಡ್ಡ ಬುದ್ಧಿಯವರು ಕೇಳಿದರು.

“ಹಾಡ್ತಿದ್ದೆ ಬುದ್ಧೀ. ಚಿಕ್ಕವನಾಗಿದ್ದಾಗ ಎಮ್ಮೆ ಮೇಯಿಸ್ತಿದ್ದೆ. ಆಗ ದಿನಾ ಹಾಡ್ತಿದ್ದೆ.”

“ಕೇಳೋರು ಯಾರಿದ್ರು?”

“ಎಮ್ಮೆಗಳು.”

“ಚಪ್ಪಾಳೆ ತಟ್ತಿದ್ವಾ?”

“ಇಲ್ಲ ಬುದ್ಧೀ. ಮೇಯ್ತಿದ್ವು.”

“ಖುಷಿ ಆಗ್ತಿತ್ತಾ?”

ಅವನ ಹುಬ್ಬಿನ ಗಂಟು ತಾನಾಗಿ ಸಡಿಲಿತು.

“ಆಗ್ತಿತ್ತು ಬುದ್ಧೀ. ಈಗ ಆಗೋದೂ ಅದೇ ಖುಷಿ.”

ದೊಡ್ಡ ಬುದ್ಧಿಯವರು ತಲೆಯಾಡಿಸಿದರು. ಅವರ ಮುಖದಲ್ಲಿ ನಗು ಇತ್ತು. ಗುರುಮಲ್ಲು ಬೆರಳ ನಡುವಿನ ಕಾಳನ್ನು ಹಿತುಕಿ ಬಟ್ಟಲಿಗೆ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ:

“ಹಂಗಾದ್ರೆ ನಾನು ಉಜ್ಜಬೇಕಾದ್ದು ಯಾವುದನ್ನ ಬುದ್ಧೀ?”

“ನೀನು ಹಾಡೋದು ದಿನಕ್ಕೆ ಅರ್ಧ ಗಂಟೆ ಕಣಪ್ಪ, ಮಿಕ್ಕ ಇಪ್ಪತ್ಮೂರೂವರೆ ಗಂಟೆನ ಉಜ್ಜು.”